ಅರಳುಮರಳಲ್ಲ, ಕಿವಿ ಕೇಳಿಸುತ್ತಿಲ್ಲ

ಅರವತ್ತಕ್ಕೆ ಅರಳುಮರಳು ಅನ್ನುವುದನ್ನು ನಾವೆಲ್ಲ ಚಿಕ್ಕಂದಿನಲ್ಲೇ, ಅಜ್ಜ ಅಜ್ಜಿಯರನ್ನು ಛೇಡಿಸುತ್ತ ಕಲಿತಿದ್ದೇವೆ. ಆಗ ಅದು ಬೇರೆಯವರ ಪಾಡು. ಅರವತ್ತು ದಾಟುವ ಹೊತ್ತಿಗೆ ಅದೇ ನಂಬಿಕೆ ನಮ್ಮ ಮೇಲೆ ತಿರುಗಿಬೀಳುತ್ತದೆ. ಬೈಕಿನ ಕೀ ಎಲ್ಲಿಟ್ಟೆನೆಂದು ಮಗ ಮರೆತರೆ ಕೆಲಸದ ಒತ್ತಡ, ಅಪ್ಪ ಮರೆತರೆ ಅರಳುಮರಳು. ಕೊನೆಗೆ ಅಪ್ಪನೂ ಹೌದೆಂದು ಒಪ್ಪಿಕೊಂಡುಬಿಡುತ್ತಾರೆ.

ಈ ಒಪ್ಪಿಗೆ ಆಯಸ್ಸನ್ನೂ ಮುಟ್ಟುತ್ತದೆಯೇ? ಅಮೆರಿಕದ ಓಹಿಯೊ ರಾಜ್ಯದಲ್ಲಿ ಆಕ್ಸ್‌ಫರ್ಡ್ ಎಂಬ ಸಣ್ಣ ಊರಿದೆ. 1975ರಲ್ಲಿ ಅಲ್ಲಿ 50 ದಾಟಿದವರನ್ನು ನಿಮ್ಮ ಮುಪ್ಪಿನ ಬಗ್ಗೆ ನಿಮಗೇನನಿಸುತ್ತದೆ ಎಂದು ಕೇಳಿ ಬರೆದಿಟ್ಟಿದ್ದರು. ಯೇಲ್ ವಿಶ್ವವಿದ್ಯಾಲಯದ ಬೆಕಾ ಲೆವಿ ಮತ್ತು ಸಂಗಡಿಗರು ಅವರಲ್ಲಿ 660 ಮಂದಿಯ ಉತ್ತರಗಳನ್ನು ಮುಂದೆ ಸಾವಿನ ದಾಖಲೆಗಳ ಪಕ್ಕದಲ್ಲಿಟ್ಟು ನೋಡಿದರು. ಮುಪ್ಪನ್ನು ಒಳ್ಳೆಯ ಕಣ್ಣಿನಿಂದ ಕಂಡವರು ಉಳಿದವರಿಗಿಂತ ಸುಮಾರು 7.5 ವರ್ಷ ಹೆಚ್ಚು ಬದುಕಿದ್ದರು. ಆರೋಗ್ಯ, ಹಣಕಾಸು, ಒಂಟಿತನಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಅಂತರ ಅಳಿಯಲಿಲ್ಲ. 2002ರಲ್ಲಿ ಪ್ರಕಟವಾದ ಇದು ಒಂದೇ ಊರಿನ ಕಥೆ, ನಿಜ. ತಳ್ಳಿಹಾಕುವಂಥದ್ದಂತೂ ಅಲ್ಲ.

ನಮ್ಮಲ್ಲಿ ಈ ನಂಬಿಕೆ ಎದ್ದು ಕಾಣುವುದು ದವಾಖಾನೆಯಲ್ಲಿ. ಅಮ್ಮ ಎದುರಿಗೇ ಕೂತಿದ್ದರೂ ‘ಇವರಿಗೆ ಊಟ ಸೇರುತ್ತಾ?’ ಎಂಬ ಪ್ರಶ್ನೆ ಮಗನಿಗೆ. ಮೊಣಕಾಲು ನೋವೆಂದರೆ ‘ವಯಸ್ಸಾಯ್ತಲ್ಲ’. ನಿದ್ದೆಯಿಲ್ಲ, ಯಾವುದೂ ಬೇಡವೆನಿಸುತ್ತದೆ ಎಂದರೂ ಅದೇ ಉತ್ತರ. ಅದು ಖಿನ್ನತೆಯಿರಬಹುದು, ಅದಕ್ಕೆ ಮದ್ದಿದೆ ಎಂದು ಯಾರಿಗೂ ಹೊಳೆಯುವುದಿಲ್ಲ. ಕಿವಿಯದು ಇನ್ನೂ ಅನ್ಯಾಯ. ಸರಿಯಾಗಿ ಕೇಳಿಸದೆ ಏನೋ ಉತ್ತರ ಕೊಡುತ್ತಾರೆ, ಮನೆಮಂದಿ ನಗುತ್ತಾರೆ, ಅವರು ಮಾತನ್ನೇ ಬಿಡುತ್ತಾರೆ. ಕಿವುಡುತನವನ್ನು ಹಾಗೇ ಬಿಟ್ಟರೆ ಡಿಮೆನ್ಷಿಯಾದ, ಅಂದರೆ ಮರೆಗುಳಿ ಕಾಯಿಲೆಯ, ಅಪಾಯ ಹೆಚ್ಚುತ್ತದೆ ಎಂದು ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್ ನೇಮಿಸಿದ ತಜ್ಞರ ಆಯೋಗ 2017ರಿಂದ ಹೇಳುತ್ತಲೇ ಇದೆ. ಯಾವುದನ್ನು ಅರಳುಮರಳೆಂದು ನಕ್ಕೆವೋ ಅದಕ್ಕೆ ನಾವೇ ದಾರಿ ಮಾಡಿಕೊಟ್ಟಂತಾಯಿತು.

ಹೊಗಳಿಕೆಯೂ ಕೆಲವೊಮ್ಮೆ ಇದೇ ಜಾತಿಯದು. ನಿಘಂಟು ತಜ್ಞ ಜಿ. ವೆಂಕಟಸುಬ್ಬಯ್ಯ 2011ರಲ್ಲಿ, ತಮ್ಮ 97ನೇ ವಯಸ್ಸಿನಲ್ಲಿ, ಬೆಂಗಳೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು. ‘ಈ ವಯಸ್ಸಿನಲ್ಲೂ!’ ಎಂದು ಬೆರಗಾಗುವವರು ಉಳಿದ ವೃದ್ಧರಿಂದ ಏನನ್ನೂ ನಿರೀಕ್ಷಿಸುವುದಿಲ್ಲ. ಮೊಣಕಾಲು ನೋವಿನ ಸಾಮಾನ್ಯ ಅಜ್ಜಿಗೆ ಇಂಥ ಪವಾಡಪುರುಷರ ಹೋಲಿಕೆ ಇನ್ನೊಂದು ಹೊರೆ.

ಮುಂದಿನ ಸಲ ಅಮ್ಮನನ್ನು ಡಾಕ್ಟರ ಬಳಿ ಕರೆದೊಯ್ದಾಗ ಉತ್ತರ ಅವರೇ ಕೊಡಲಿ, ನೀವು ಸುಮ್ಮನಿರಿ. ಹಾಗೆಯೇ ಅವರ ಕಿವಿಯನ್ನೂ ಒಮ್ಮೆ ಪರೀಕ್ಷೆ ಮಾಡಿಸಿಕೊಂಡು ಬನ್ನಿ.