ಕಲ್ಪಿತ ರಣನೌಕೆಗಳ ಚಿತ್ರವೂ ಅವುಗಳ ಪರೀಕ್ಷೆಯೂ

ಹಿಂದೆ ಎಂದೂ ಇಲ್ಲದಿದ್ದ, ಆದರೆ ಇದ್ದಿರಬಹುದಾಗಿದ್ದ ಯುದ್ಧನೌಕೆಯೊಂದನ್ನು ಕಾಗದದ ಮೇಲೆ ಕಟ್ಟುವುದು ಬಹು ರಮ್ಯವಾದ ವಿನೋದ. ಪೆನ್ಸಿಲು, ಅಳತೆಪಟ್ಟಿ, ಚೌಕಳಿಯ ಕಾಗದ, ಇಷ್ಟಿದ್ದರೆ ಸಾಕು. ಮನೆಯ ಹುಡುಗರು ಮಾತ್ರವಲ್ಲ, ತಲೆ ನರೆತವರೂ ಇದರಲ್ಲಿ ತೊಡಗಿ ಊಟದ ಹೊತ್ತನ್ನು ಮರೆಯುವುದುಂಟು. ಆದರೆ ಚಿತ್ರ ಮುಗಿದ ಮೇಲೆ ನೋಡಿದವರೆಲ್ಲರೂ "ಬಹಳ ಚೆನ್ನಾಗಿದೆ" ಎಂದಷ್ಟೇ ಹೇಳಿ ಎದ್ದುಹೋದರೆ ವಿನೋದವು ಅರ್ಧಕ್ಕೇ ನಿಂತಂತೆ. ನಮ್ಮ ಶಾಸ್ತ್ರಗ್ರಂಥಗಳಲ್ಲಿ ಪೂರ್ವಪಕ್ಷವಿಲ್ಲದೆ ಸಿದ್ಧಾಂತವಿಲ್ಲವಷ್ಟೆ. ಚಿತ್ರಕ್ಕೂ ಒಬ್ಬ ಪೂರ್ವಪಕ್ಷಿ ಬೇಕು. ಈ ಹಡಗು ನೆಟ್ಟಗೆ ತೇಲುವುದೆ? ಫಿರಂಗಿ ಹಾರಿದಾಗ ಹಿಂದಕ್ಕೆ ಸರಿಯಲು ಸ್ಥಳವೆಲ್ಲಿ? ಇಷ್ಟು ಮಂದಿಗೆ ಕುಡಿಯುವ ನೀರನ್ನು ಎಲ್ಲಿ ತುಂಬಿಟ್ಟಿರಿ? ಎಂದು ಕೇಳುವವನೇ ಚಿತ್ರಕಾರನ ನಿಜವಾದ ಮಿತ್ರನು.

ಮೊದಲು ನಮ್ಮ ಮನೆಯ ಗ್ರಂಥವನ್ನೇ ತೆಗೆದುಕೊಳ್ಳೋಣ. ಧಾರಾನಗರದ ಭೋಜರಾಜನ ಹೆಸರಿನಲ್ಲಿರುವ 'ಯುಕ್ತಿಕಲ್ಪತರು'ವಿನಲ್ಲಿ ನೌಕೆಗಳನ್ನು ಕುರಿತ ಒಂದು ಪ್ರಕರಣವಿದೆ. 1912ರಲ್ಲಿ ರಾಧಾಕುಮುದ ಮುಖರ್ಜಿಯವರು ಭಾರತೀಯ ನೌಕಾಯಾನದ ವಿಷಯವಾಗಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಗ್ರಂಥದಿಂದ ಅದು ಅನೇಕರಿಗೆ ಪರಿಚಿತವಾಯಿತು. ಚಿತ್ರಕಾರನಿಗೆ ಅದೊಂದು ನಿಧಿಯೇ ಸರಿ. ಮುಂಭಾಗದಲ್ಲಿ ಮಂದಿರವುಳ್ಳ 'ಅಗ್ರಮಂದಿರಾ' ಎಂಬ ನೌಕೆ ಯುದ್ಧಕ್ಕೂ ದೂರಪ್ರಯಾಣಕ್ಕೂ ತಕ್ಕುದು. ನೌಕೆಯ ಮೂತಿಗೆ ಸಿಂಹ, ಮಹಿಷ, ಸರ್ಪ, ಗಜ ಮೊದಲಾದವುಗಳ ಮುಖಗಳನ್ನಿಡಬಹುದು. ಇನ್ನು ಅಳತೆಗಳು. 'ಸಾಮಾನ್ಯ'ವರ್ಗದ ಹತ್ತು ನೌಕೆಗಳಲ್ಲಿ ಎಲ್ಲಕ್ಕೂ ದೊಡ್ಡದಾದ 'ಮಂಥರಾ' ಎಂಬುದು 120 ಮೊಳ ಉದ್ದ, 60 ಮೊಳ ಅಗಲ, 60 ಮೊಳ ಎತ್ತರ.

ಇದನ್ನು ಹಾಗೆಯೇ ಬರೆದರೆ ಏನಾಗುತ್ತದೆ? ಮೊಳಕ್ಕೆ ಒಂದೂವರೆ ಅಡಿಯಂತೆ ಉದ್ದ 180 ಅಡಿ, ಅಗಲವೂ ಎತ್ತರವೂ 90 ಅಡಿ. 1805ರಲ್ಲಿ ಟ್ರಫಾಲ್ಗರ್ ಕಾಳಗದಲ್ಲಿ ನೆಲ್ಸನ್ನನು ಏರಿದ್ದ 'ವಿಕ್ಟರಿ' ಎಂಬ ನೌಕೆಯ ಫಿರಂಗಿ ಅಂತಸ್ತಿನ ಉದ್ದ 186 ಅಡಿ. ಅಗಲವಾದರೋ 52 ಅಡಿಗೆ ಎರಡಂಗುಲ ಕಡಮೆ. ಹಾಗಾದರೆ ನಮ್ಮ ಮಂಥರಾ ಅದಕ್ಕಿಂತ ಸ್ವಲ್ಪ ಗಿಡ್ಡು, ಅಗಲದಲ್ಲಿ ಮಾತ್ರ ಹೆಚ್ಚುಕಡಮೆ ಇಮ್ಮಡಿ. ಮೂರರಲ್ಲೊಂದು ಪಾಲು ನೀರಿನಲ್ಲಿ ಮುಳುಗಿತೆಂದರೂ ಉಳಿದ 60 ಅಡಿ ಗೋಡೆಯಂತೆ ಗಾಳಿಗೆ ಎದುರಾಗಿ ನಿಂತಿರುತ್ತದೆ. ಮಂಥರವೆಂದರೆ ನಿಧಾನವಾದುದೆಂದು ಅರ್ಥ; ಹೆಸರಿಟ್ಟವನು ಸತ್ಯವನ್ನೇ ನುಡಿದಿದ್ದಾನೆ! ಅದೇ ಗ್ರಂಥದ 'ದೀರ್ಘಿಕಾ' ಎಂಬ ನೌಕೆಯಾದರೆ 32 ಮೊಳ ಉದ್ದ, 4 ಮೊಳ ಅಗಲ. ಹುಟ್ಟು ಹಾಕಿ ವೇಗವಾಗಿ ನಡೆಸುವ ದೋಣಿಗೆ ಇದು ಒಪ್ಪುವ ಪ್ರಮಾಣ. ಇನ್ನೊಂದು ಸಂಗತಿ: ಭೀಮಾ, ಭಯಾ, ಗರ್ಭರಾ ಎಂಬ ಮೂರು ನೌಕೆಗಳು ಅಶುಭವೆಂದು ಗ್ರಂಥದಲ್ಲಿದೆ. ಅವು ಸರಿಯಾಗಿ ತೂಗಿ ನಿಲ್ಲದ ಕಾರಣ ಹೀಗೆಂದರೆಂಬ ಸಮಾಧಾನವೂ ಉಂಟು. ಆದರೆ ಅಶುಭವೆನ್ನದ 'ಚಪಲಾ'ಕ್ಕೂ ಅದೇ ಪ್ರಮಾಣವಿರುವಾಗ ಈ ಸಮಾಧಾನ ನಿಲ್ಲಲಾರದು. 'ಉನ್ನತಿ' ಎಂದರೆ ತಳದಿಂದ ಅಟ್ಟದವರೆಗೋ, ಮಂದಿರದ ಶಿಖರದವರೆಗೋ ಎಂಬುದನ್ನು ಮೊದಲು ನಿಶ್ಚಯಿಸಿಕೊಂಡು ಆಮೇಲೆ ಪೆನ್ಸಿಲನ್ನು ಹಿಡಿಯುವುದು ಲೇಸು.

ಪೂರ್ವಿಕರ ಗ್ರಂಥವನ್ನು ಹೀಗೆ ಅಳೆಯುವುದು ಅವಿನಯವೆಂದು ಕೆಲವರು ನೊಂದುಕೊಳ್ಳಬಹುದು. ನಮಗೆ ಹಾಗೆ ತೋರುವುದಿಲ್ಲ. 'ವೈಮಾನಿಕ ಶಾಸ್ತ್ರ'ವೆಂಬ ಸಂಸ್ಕೃತಗ್ರಂಥಕ್ಕೆ ವಿಮಾನಗಳ ಚಿತ್ರಗಳನ್ನು 1923ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಬರೆಯಿಸಿದರು. 1974ರಲ್ಲಿ ಅದೇ ಊರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು ಗ್ರಂಥದ ಭಾಷೆಯನ್ನೂ ಚಿತ್ರಗಳ ಅಳತೆಗಳನ್ನೂ ಶ್ರದ್ಧೆಯಿಂದ ಪರಿಶೀಲಿಸಿ, ಗ್ರಂಥವು ಈಚಿನದೆಂದೂ, ಅದರಲ್ಲಿ ವರ್ಣಿಸಿದ ಯಾವ ವಿಮಾನವೂ ಹಾರಲಾರದೆಂದೂ ತೋರಿಸಿಕೊಟ್ಟರು. ಓದದೆ ಹೊಗಳುವವರಿಗಿಂತಲೂ ಓದದೆ ನಗುವವರಿಗಿಂತಲೂ ಆ ಐವರೇ ಗ್ರಂಥಕ್ಕೆ ಹೆಚ್ಚಿನ ಮರ್ಯಾದೆಯನ್ನು ಸಲ್ಲಿಸಿದರೆಂದು ನಮ್ಮ ಅಭಿಪ್ರಾಯ.

ಕಾಗದದ ಮೇಲೆ ನಡೆಯದ ಪರೀಕ್ಷೆಯನ್ನು ನೀರು ನಡೆಸುತ್ತದೆ. ಖಾಲಿ ತಂಬಿಗೆಯನ್ನು ತೊಟ್ಟಿಯ ನೀರಿನಲ್ಲಿ ಬಿಟ್ಟರೆ ಓಲಾಡಿ ಮಗ್ಗುಲಾಗುತ್ತದೆ. ತಳಕ್ಕೆ ಒಂದು ಹಿಡಿ ಮರಳು ಹಾಕಿದರೆ ನೆಟ್ಟಗೆ ನಿಲ್ಲುತ್ತದೆ. ಬಾಯಿಯ ಮೇಲೆ ಕಲ್ಲನ್ನಿಟ್ಟರೆ ಮರಳಿದ್ದರೂ ಮಗುಚುತ್ತದೆ. ಸ್ವೀಡನ್ ದೇಶದ ರಾಜನು ಕಟ್ಟಿಸಿದ 'ವಾಸಾ' ನೌಕೆಯ ಕಥೆ ಇಷ್ಟೇ. ಅದರ ತಳದಲ್ಲಿ ಸುಮಾರು 120 ಟನ್ನು ಕಲ್ಲಿತ್ತು. ಮೇಲೆ ಎರಡು ಅಂತಸ್ತುಗಳಲ್ಲಿ ಫಿರಂಗಿಗಳು, ಅದರ ಮೇಲೆ ಬಣ್ಣದ ಕೆತ್ತನೆಗಳು. ಹೊರಡುವುದಕ್ಕೆ ಮೊದಲು 30 ಮಂದಿ ನಾವಿಕರನ್ನು ಅಟ್ಟದ ಮೇಲೆ ಈ ಬದಿಯಿಂದ ಆ ಬದಿಗೆ ಓಡಿಸಿ ನೋಡಿದರು. ಮೂರು ಸಲ ಓಡುವಷ್ಟರಲ್ಲಿಯೇ ಹಡಗು ಅತಿಯಾಗಿ ಓಲಾಡಿದ್ದರಿಂದ, ಮಗುಚೀತೆಂಬ ಭಯದಿಂದ ಪರೀಕ್ಷೆಯನ್ನು ನಿಲ್ಲಿಸಿದರು. ಪ್ರಯಾಣವನ್ನು ಮಾತ್ರ ನಿಲ್ಲಿಸಲಿಲ್ಲ! 1628ನೆಯ ಆಗಸ್ಟ್ 10ರಂದು ಸ್ಟಾಕ್‌ಹೋಮ್ ಬಂದರಿನಲ್ಲಿ ಒಂದು ಮೈಲಿಯನ್ನೂ ಸಾಗದೆ, ಗಾಳಿಯ ಹೊಡೆತಕ್ಕೆ ವಾಲಿ, ಕೆಳ ಅಂತಸ್ತಿನ ಫಿರಂಗಿಕಿಂಡಿಗಳಲ್ಲಿ ನೀರು ನುಗ್ಗಿ ಮುಳುಗಿತು. ಸುಮಾರು 30 ಮಂದಿ ಸತ್ತರು. ಹಡಗು ನಿಲ್ಲುವುದೋ ಮಗುಚುವುದೋ ಎಂಬುದನ್ನು ಗಣಿತದಿಂದ ಮೊದಲೇ ತಿಳಿಯುವ ಮಾರ್ಗವನ್ನು ಫ್ರಾನ್ಸಿನ ಬೂಗೇ ಎಂಬ ಪಂಡಿತನು ಪ್ರಕಟಿಸಿದುದು 1746ರಲ್ಲಿ. ಆದಕಾರಣ ವಾಸಾದ ಶಿಲ್ಪಿಗಳನ್ನು ಕ್ಷಮಿಸಬಹುದು. ಓಡುವವರನ್ನು ನಿಲ್ಲಿಸಿ ಹಡಗನ್ನು ಬಿಟ್ಟವರನ್ನು ಕ್ಷಮಿಸುವುದು ಕಷ್ಟ. 1961ರಲ್ಲಿ ಮೇಲೆತ್ತಿದ ಆ ನೌಕೆಯನ್ನು ಈಗಲೂ ಅದೇ ಊರಿನಲ್ಲಿ ನೋಡಬಹುದು.

ಈಗ ನಮ್ಮ ನಾಡಿನ ಕಲ್ಪನೆಯೊಂದನ್ನು ಪರೀಕ್ಷೆಗೆ ಒಡ್ಡೋಣ. 1796ರಲ್ಲಿ ಟಿಪ್ಪು ಸುಲ್ತಾನನು ಸುಮಾರು 40 ಯುದ್ಧನೌಕೆಗಳನ್ನು ಕಟ್ಟಲು ಆಜ್ಞೆಮಾಡಿದನು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದಿತು. ಆ ನೌಕಾದಳವು ಸಂಕಲ್ಪದಲ್ಲಿಯೇ ಉಳಿಯಿತು. ಅದು ಸಿದ್ಧವಾಗಿ, ಮೈಸೂರಿನ ಪ್ರಸಿದ್ಧ ರಾಕೆಟ್ಟುಗಳನ್ನೂ ಹೊತ್ತು ಮಂಗಳೂರಿನಿಂದ ಹೊರಟಿದ್ದರೆ? ಚಿತ್ರಕ್ಕೆ ಇದಕ್ಕಿಂತ ಉತ್ತಮವಾದ ವಸ್ತು ಸಿಕ್ಕದು. ಹುಡುಗನೊಬ್ಬನು ಬರೆದನೆನ್ನಿ: ತೇಗದ ಹಡಗು, ಎರಡು ಅಂತಸ್ತು ಫಿರಂಗಿ, ಅಟ್ಟದ ಮೇಲೆ ಇನ್ನೂ ಹತ್ತು, ಅವುಗಳ ನಡುವೆ ರೆಕ್ಕೆ ಮೂಡಿದ ಚೂಪುಮೂತಿಯ ರಾಕೆಟ್ಟುಗಳ ಸಾಲು.

ತೇಗವು ಸರಿ, ಪಶ್ಚಿಮಘಟ್ಟದ ಮರ, ಸಮುದ್ರದ ನೀರಿಗೆ ಬಾಳಿಕೆ ಬರುವಂಥದು. ರೆಕ್ಕೆಗಳು ತಪ್ಪು. ಮೈಸೂರಿನ ರಾಕೆಟ್ಟೆಂದರೆ ಮದ್ದು ತುಂಬಿದ ಕಬ್ಬಿಣದ ಕೊಳವೆ, ಅದಕ್ಕೆ ಬಿಗಿದ ಉದ್ದನೆಯ ಬಿದಿರು. ದಾರಿ ತಪ್ಪದಂತೆ ಹಿಡಿದಿಡುವುದು ಆ ಬಿದಿರೇ. ನಂಬದವರು ಶಿವಮೊಗ್ಗ ಜಿಲ್ಲೆಯ ನಗರವನ್ನು ನೆನೆಯಬಹುದು. 2018ರಲ್ಲಿ ಅಲ್ಲಿಯ ಹಾಳುಬಾವಿಯೊಂದರಲ್ಲಿ ಇಂತಹ ಕೊಳವೆಗಳು ಸಾವಿರಕ್ಕೂ ಮೇಲ್ಪಟ್ಟು ದೊರೆತವು. ಎರಡನೆಯ ಆಕ್ಷೇಪ ಬೆಂಕಿಯದು. ರಾಕೆಟ್ಟಿನ ಜ್ವಾಲೆ ಹಿಂದಕ್ಕೆ ಹಾಯುತ್ತದೆ. ಹಿಂದೆ ಇರುವುದು ನಮ್ಮದೇ ಹಾಯಿಬಟ್ಟೆ, ನಮ್ಮದೇ ಹಗ್ಗ. 1814ರಲ್ಲಿ ಇಂಗ್ಲಿಷರು 'ಎರಿಬಸ್' ಎಂಬ ನೌಕೆಯಲ್ಲಿ ರಾಕೆಟ್ಟುಗಳನ್ನು ಅಟ್ಟದ ಕೆಳಗಿಟ್ಟು ಪಕ್ಕದ ಕಿಂಡಿಗಳಿಂದ ಹಾರಿಸಿದರು. ಮೂರನೆಯದು ತೂಕ. 24 ಪೌಂಡು ಗುಂಡಿನ ಫಿರಂಗಿಯೊಂದು ಸುಮಾರು ಎರಡೂವರೆ ಟನ್ನು. ಅಟ್ಟದ ಮೇಲಿನ ಹತ್ತಕ್ಕೆ 25 ಟನ್ನಾಯಿತು. ತಂಬಿಗೆಯ ಬಾಯಿಯ ಮೇಲಣ ಕಲ್ಲು ಇದೇ.

ಆದರೆ ಇಲ್ಲಿಯೇ ಪೂರ್ವಪಕ್ಷವು ಚಿತ್ರಕಾರನಿಗೆ ಉಪಕಾರಮಾಡುತ್ತದೆ. ಫಿರಂಗಿಯಂತೆ ರಾಕೆಟ್ಟು ಹಿಂದಕ್ಕೆ ಒದೆಯುವುದಿಲ್ಲ. ಭಾರವಾದ ಗಾಡಿಯೂ ಬೇಡ. 1806ರಲ್ಲಿ ಬುಲೋನ್ ಬಂದರಿನ ಮೇಲೆ ಕಾಂಗ್ರೀವ್‌ನ ರಾಕೆಟ್ಟುಗಳನ್ನು ಸಣ್ಣ ದೋಣಿಗಳಿಂದಲೇ ಹಾರಿಸಿದರು. ಆದ್ದರಿಂದ ಹುಡುಗನು ಅಟ್ಟದ ಮೇಲಿನ ಹತ್ತು ಫಿರಂಗಿಗಳನ್ನು ಅಳಿಸಿ, ರಾಕೆಟ್ಟುಗಳಿಗೆ ಕೆಳಗೆ ಕಿಂಡಿ ಕೊರೆದು, ಹಡಗಿನ ಜೊತೆಗೆ ದೀರ್ಘಿಕೆಯಂತಹ ಹುಟ್ಟಿನ ದೋಣಿಗಳನ್ನು ನಾಲ್ಕಾರು ಬರೆಯಲಿ. ಹಾಯಿಯಿಲ್ಲದ ದೋಣಿಗೆ ಜ್ವಾಲೆಯ ಭಯವೂ ಕಡಮೆ. ಇಷ್ಟಾದ ಮೇಲೆಯೂ ಅಷ್ಟುದ್ದದ ಬಿದಿರುಗಳನ್ನು ದೋಣಿಯೊಳಗೆ ಎಲ್ಲಿ ಮಲಗಿಸುವುದೆಂದು ನಾವು ಕೇಳದೆ ಬಿಡುವುದಿಲ್ಲ. ಅದಕ್ಕೆ ಉತ್ತರವನ್ನು ಅವನೇ ಬರೆದು ತೋರಿಸಲಿ.