ಗುಮ್ಮಟ ಸರಿ, ಬೆಂಚು ಎಲ್ಲಿ?

ಹೈದರಾಬಾದಿನ ನಾರಾಯಣಗೂಡದಿಂದ ಮೂಸಿ ನದಿ ದಾಟಿದರೆ ಕೆಂಪು ಕಲ್ಲಿನ ಹೈಕೋರ್ಟು. ನಕ್ಷೆ ಜೈಪುರದ ಶಂಕರಲಾಲರದು, ಉದ್ಘಾಟನೆ 1920ರಲ್ಲಿ. 1956ರವರೆಗೂ ರಾಯಚೂರು, ಕಲಬುರಗಿ, ಬೀದರಿನ ನಮ್ಮ ಮಂದಿ ಮೇಲ್ಮನವಿ ಹಿಡಿದು ಬರುತ್ತಿದ್ದುದು ಹೈದರಾಬಾದಿಗೇ.

ಗುಮ್ಮಟ ಚೆಂದ, ಒಪ್ಪೋಣ. ಆದರೆ ಕೋರ್ಟಿಗೆ ಬಂದವರ ದಿನವೆಲ್ಲ ಕಳೆಯುವುದು ಪಡಸಾಲೆಯಲ್ಲಿ, ಕಾಯುತ್ತ. ಕೂರಲು ಬೆಂಚಿದೆಯೇ? ಹೆಸರು ಕೂಗಿದ್ದು ಕೇಳಿಸುತ್ತದೆಯೇ? ಗಾಲಿಕುರ್ಚಿ ಒಳಗೆ ಹೋಗುತ್ತದೆಯೇ? ನ್ಯಾಯಾಧೀಶರು, ಕೈದಿಗಳು, ಜನ ಇವರಿಗೆಲ್ಲ ಬೇರೆ ಬೇರೆ ದಾರಿ ಬೇಕು. ಸಾಕ್ಷಿ ಹೇಳಲು ಬಂದ ಹೆಣ್ಣುಮಗಳು ಮೆಟ್ಟಿಲ ಮೇಲೆ ಆರೋಪಿಗೇ ಎದುರಾದರೆ ಬಾಯಿ ಬಿಟ್ಟಾಳೆಯೇ?

ಈಗ ಇದೇ ಊರಿನ ರಾಜೇಂದ್ರನಗರದ 100 ಎಕರೆಯಲ್ಲಿ ಹೊಸ ಹೈಕೋರ್ಟಿಗೆ 2024ರ ಮಾರ್ಚಿನಲ್ಲಿ ಅಡಿಗಲ್ಲು ಹಾಕಿದ್ದಾರೆ. ಜಾಗವೇನೋ ಧಾರಾಳ. ಬಸ್ಸಿಳಿದ ಮುದುಕ ಕೋರ್ಟ್ ಹಾಲ್ ಮುಟ್ಟಲು ಬಿಸಿಲಲ್ಲಿ ಎಷ್ಟು ಹೆಜ್ಜೆ ಹಾಕಬೇಕು?