ಆನೆಗಿಂತ ಮೇವೇ ದುಬಾರಿ: ರಜೆಯ ಕೋಣೆ ಕೊಂಡವರ ಲೆಕ್ಕಾಚಾರ

ಮೈಸೂರು: ಪೆಟ್ರೋಲ್ ಬಂಕಿನಲ್ಲೋ ಬಟ್ಟೆ ಅಂಗಡಿಯಲ್ಲೋ ಲಕ್ಕಿ ಡ್ರಾ ಚೀಟಿ ತುಂಬಿ ಡಬ್ಬಕ್ಕೆ ಹಾಕಿದವರಿಗೆ ಸ್ವಲ್ಪ ದಿನಕ್ಕೆ ಫೋನು ಬರುತ್ತದೆ. "ಸಾರ್, ನಿಮಗೆ ಗಿಫ್ಟ್ ಬಂದಿದೆ. ಮೇಡಂ ಅವರನ್ನೂ ಕರ್ಕೊಂಡು ಬನ್ನಿ." ಹೋಟೆಲಿನ ತಣ್ಣನೆ ಹಾಲು, ಬಿಸಿ ಕಾಫಿ, ಟೈ ಕಟ್ಟಿದ ಹುಡುಗ, ಗೋಡೆಯ ಮೇಲೆ ಮಡಿಕೇರಿ, ಊಟಿ, ಗೋವೆಯ ಚಿತ್ರಗಳು. ಎರಡು ಗಂಟೆ ಮಾತು ಮುಗಿಯುವ ಹೊತ್ತಿಗೆ ಮೇಜಿನ ಮೇಲೆ ಅರ್ಜಿ, ಕೈಯಲ್ಲಿ ಪೆನ್ನು. "ಹಾಕಿದ ದುಡ್ಡು ತಾನಾಗೇ ವಾಪಸ್ ಬರುತ್ತೆ ಸಾರ್" ಎನ್ನುವುದು ಕಡೆಯ ಅಸ್ತ್ರ.

ಬರುತ್ತದೆಯೇ? ಕೆಲವರಿಗೆ ಬರುತ್ತದೆ, ಸುಳ್ಳಲ್ಲ. ಎಲ್ಲರಿಗೂ ಬರುವುದಿಲ್ಲ, ಅದೂ ಸುಳ್ಳಲ್ಲ. ಯಾರಿಗೆ ಬರುತ್ತದೆ ಎಂಬುದು ಅಂಗಡಿಯ ಖಾತೆ ಪುಸ್ತಕದಷ್ಟೇ ಸರಳ ಲೆಕ್ಕ. ಆದರೆ ಆ ಲೆಕ್ಕವನ್ನು ಕಾಫಿ ಕೊಟ್ಟವರು ಹಾಕಿ ತೋರಿಸುವುದಿಲ್ಲ.

ಏನಿದು ಸರಕು?

ಇದರ ಹೆಸರು ಟೈಮ್‌ಷೇರ್. ಒಂದು ಕೋಣೆಯನ್ನು ಪೂರ್ತಿ ಕೊಳ್ಳುವ ಬದಲು, ವರ್ಷದಲ್ಲಿ ಇಷ್ಟು ದಿನ ಅಲ್ಲಿ ತಂಗುವ ಹಕ್ಕನ್ನು ಮುಂಗಡ ಹಣ ಕೊಟ್ಟು ಕೊಳ್ಳುವುದು. 1960ರ ದಶಕದಲ್ಲಿ ಯೂರೋಪಿನಲ್ಲಿ ಹುಟ್ಟಿದ ವ್ಯಾಪಾರ. ಸ್ವಿಟ್ಜರ್ಲೆಂಡಿನ ಹಾಪಿಮಾಗ್ ಸಂಸ್ಥೆ ಶುರುವಾದದ್ದು 1963ರಲ್ಲಿ. ನಿಮ್ಮ ಊರಿನ ವಾರ ಕೊಟ್ಟು ಇನ್ನೊಬ್ಬರ ಊರಿನ ವಾರ ಪಡೆಯುವ ಅದಲುಬದಲು ಕಂಪನಿ ಆರ್‌ಸಿಐ ಅಮೆರಿಕದಲ್ಲಿ 1974ರಲ್ಲಿ ಬಂತು. ನಮ್ಮ ದೇಶದಲ್ಲಿ ಮದರಾಸಿನ ಸ್ಟರ್ಲಿಂಗ್ ಕಂಪನಿ 1986ರಲ್ಲಿ ಬಾಗಿಲು ತೆರೆಯಿತು. 1996ರಲ್ಲಿ ಹುಟ್ಟಿದ ಮಹೀಂದ್ರಾ ಹಾಲಿಡೇಸ್, 25 ವರ್ಷದ ಸದಸ್ಯತ್ವ, ವರ್ಷಕ್ಕೆ 7 ದಿನ ಎಂಬ ಸೂತ್ರವನ್ನು ಮನೆಮನೆಗೆ ಮುಟ್ಟಿಸಿತು.

ಇಲ್ಲಿ ಒಂದು ಮಾತು ನೆನಪಿರಲಿ. ಈ ಬಗೆಯ ಸದಸ್ಯತ್ವದಲ್ಲಿ ಕೊಳ್ಳುವವನಿಗೆ ಸಿಗುವುದು ಜಾಗವಲ್ಲ, ಗೋಡೆಯಲ್ಲ, ಖಾತೆ ಪತ್ರವಲ್ಲ. ಸಿಗುವುದು ರಾತ್ರಿಗಳು. ತಂಗಿದರೆ ಬಂತು, ಬಿಟ್ಟರೆ ಹೋಯಿತು.

ಮೇವಿನ ಖರ್ಚು

ಆನೆ ಕೊಂಡರೆ ಸಾಕೇ? ದಿನಾ ಮೇವು ಹಾಕಬೇಡವೇ? ಈ ವ್ಯಾಪಾರದಲ್ಲಿ ಮೇವಿನ ಹೆಸರು ವಾರ್ಷಿಕ ಶುಲ್ಕ. ಆ ವರ್ಷ ಹೋದರೂ ಕಟ್ಟಬೇಕು, ಹೋಗದಿದ್ದರೂ ಕಟ್ಟಬೇಕು. ಬಾಕಿ ಇಟ್ಟರೆ ಕೋಣೆ ಕೊಡುವುದಿಲ್ಲ. ಜಿಎಸ್‌ಟಿ ಬೇರೆ. ಊಟ, ತಿಂಡಿ, ಪ್ರಯಾಣ ನಮ್ಮದೇ ಕೈಯಿಂದ.

ಉದಾಹರಣೆಗೆ ಲೆಕ್ಕ ಹಿಡಿಯೋಣ. ಹೊಸ ಸದಸ್ಯತ್ವಕ್ಕೆ 3,00,000 ರೂಪಾಯಿ, 25 ವರ್ಷ, ವರ್ಷಕ್ಕೆ 7 ರಾತ್ರಿ, ತೆರಿಗೆ ಸೇರಿ ವಾರ್ಷಿಕ ಶುಲ್ಕ 18,000 ರೂಪಾಯಿ. ಮಾರುವವನು ಹೇಳುವ ಲೆಕ್ಕ ಹೀಗೆ: ಮೂರು ಲಕ್ಷವನ್ನು 175 ರಾತ್ರಿಗೆ ಹಂಚಿ, ರಾತ್ರಿಗೆ ಸುಮಾರು 1,700 ರೂಪಾಯಿ, ಎಷ್ಟು ಅಗ್ಗ ನೋಡಿ ಸಾರ್!

ಅಂಗಡಿಯವನ ಲೆಕ್ಕ ಬೇರೆ. ವರ್ಷಕ್ಕೆ 12,000 ಅಸಲು, ಅದರ ಮೇಲೆ 18,000 ಶುಲ್ಕ, ಒಟ್ಟು 30,000. ಏಳರಿಂದ ಭಾಗಿಸಿದರೆ ರಾತ್ರಿಗೆ ಹತ್ತಿರ ಹತ್ತಿರ 4,300. ಇನ್ನೂ ಮುಗಿಯಲಿಲ್ಲ. ಆ ಮೂರು ಲಕ್ಷ ಬ್ಯಾಂಕಿನಲ್ಲಿದ್ದರೆ ಬಡ್ಡಿ ಹುಟ್ಟುತ್ತಿತ್ತಲ್ಲ? ಶೇಕಡಾ 6ರಂತೆ ಬಡ್ಡಿ ಸೇರಿಸಿ 25 ವರ್ಷಕ್ಕೆ ಸಮನಾಗಿ ಹಂಚಿದರೆ ಅಸಲಿನ ಭಾಗವೇ ವರ್ಷಕ್ಕೆ 23,500 ಆಗುತ್ತದೆ. ಶುಲ್ಕ ಸೇರಿ 41,500. ರಾತ್ರಿಗೆ 5,900 ಚಿಲ್ಲರೆ. ಏಳರ ಬದಲು ನಾಲ್ಕೇ ರಾತ್ರಿ ತಂಗಿದರೆ? ರಾತ್ರಿಗೆ 10,000 ದಾಟಿತು!

ಎಷ್ಟು ವರ್ಷಕ್ಕೆ ವಾಪಸ್?

ಅಂಥದ್ದೇ ಕೋಣೆ ಹೊರಗೆ ರಾತ್ರಿಗೆ 6,500 ರೂಪಾಯಿ ಬಾಡಿಗೆಗೆ ಸಿಗುತ್ತದೆ ಅಂದುಕೊಳ್ಳಿ. ಏಳು ರಾತ್ರಿಗೆ 45,500. ಅದರಲ್ಲಿ ಶುಲ್ಕ 18,000 ಕಳೆದರೆ ವರ್ಷಕ್ಕೆ ಉಳಿತಾಯ 27,500. ಬಡ್ಡಿಯನ್ನು ಮರೆತರೂ ಮೂರು ಲಕ್ಷ ವಾಪಸ್ ಬರಲು 11 ವರ್ಷ ಬೇಕು. ಅದೂ ಒಂದು ವರ್ಷವೂ ತಪ್ಪದೆ, ಒಂದು ರಾತ್ರಿಯೂ ಬಿಡದೆ ತಂಗಿದರೆ. ನಡುವೆ ಮಗಳ ಪರೀಕ್ಷೆ, ಅಪ್ಪನ ಆಸ್ಪತ್ರೆ, ಅಂಗಡಿಯ ರಿಪೇರಿ ಇವೆಲ್ಲ ಬರುತ್ತವೆ, ಆದರೆ ಶುಲ್ಕದ ಬಿಲ್ಲು ಮಾತ್ರ ಕಾಯುವುದಿಲ್ಲ.

ಈಗ ಇನ್ನೊಬ್ಬ ಗಿರಾಕಿಯನ್ನು ನೋಡಿ. ಇವರು ಮಡಿಕೇರಿಗೆ ಹೋದರೆ 2,000 ರೂಪಾಯಿ ಹೋಂಸ್ಟೇಯಲ್ಲಿ ಸುಖವಾಗಿ ಮಲಗಿ ಬರುವವರು. ಏಳು ರಾತ್ರಿಗೆ ಅವರ ಖರ್ಚು 14,000. ವಾರ್ಷಿಕ ಶುಲ್ಕವೇ 18,000! ಅಂಥವರಿಗೆ ಸದಸ್ಯತ್ವವನ್ನು ಬಿಟ್ಟಿ ಕೊಟ್ಟರೂ ವರ್ಷಕ್ಕೆ 4,000 ನಷ್ಟ. ಮಾರುವವನು ಹೋಲಿಸುವುದು ದೊಡ್ಡ ರೆಸಾರ್ಟಿನ ಬಾಡಿಗೆಗೆ. ಹೋಲಿಸಬೇಕಾದದ್ದು ನಾವು ನಿಜವಾಗಿ ಕೊಡುತ್ತಿದ್ದ ಬಾಡಿಗೆಗೆ. ಇಡೀ ವ್ಯಾಪಾರದ ಗುಟ್ಟು ಇಷ್ಟೇ.

ಸಣ್ಣದು, ಹಳೆಯದು, ಲಾಭದ್ದು

ಹಾಗಾದರೆ ಗೆಲ್ಲುವವರು ಯಾರು? ಹೊಸದನ್ನು ಬಿಟ್ಟು ಹಳೆಯದನ್ನು ಕೊಂಡವರು. ಶುಲ್ಕ ಕಟ್ಟಿ ಸುಸ್ತಾಗಿ ತಮ್ಮ ಸದಸ್ಯತ್ವವನ್ನು ಬಂದ ಬೆಲೆಗೆ ಮಾರಲು ಕೂತವರು ಇದ್ದಾರೆ. ಷೋರೂಮಿನಿಂದ ಹೊರಬಿದ್ದ ಸ್ಕೂಟರಿನಂತೆ ಇದರ ಬೆಲೆಯೂ ಇಳಿಯುತ್ತದೆ. 12 ವರ್ಷ ಬಾಕಿ ಇರುವ ಸದಸ್ಯತ್ವವನ್ನು 60,000ಕ್ಕೆ ಕೊಂಡು, ಹೆಸರು ಬದಲಾಯಿಸಲು ಕಂಪನಿಗೆ 20,000 ಕಟ್ಟಿದರು ಎಂದು ಹಿಡಿದರೆ ಒಟ್ಟು 80,000. ವರ್ಷಕ್ಕೆ ಅದೇ 27,500 ಉಳಿತಾಯ. ಮೂರು ವರ್ಷಕ್ಕೆ ಹಾಕಿದ್ದು ಕೈಗೆ ಬಂತು! ಉಳಿದ ಒಂಬತ್ತು ವರ್ಷ ಬರೀ ಮೇವಿನ ಖರ್ಚು.

ಆದರೆ ಕೊಳ್ಳುವ ಮುಂಚೆ ಕಂಪನಿಗೇ ನೇರವಾಗಿ ಕೇಳಿ ಮೂರು ಸಂಗತಿ ಬರೆಸಿಕೊಳ್ಳಬೇಕು. ಹೆಸರು ವರ್ಗಾವಣೆಗೆ ಒಪ್ಪಿಗೆ ಇದೆಯೇ? ಹಳೆ ಶುಲ್ಕದ ಬಾಕಿ ಎಷ್ಟು? ಹಳಬರಿಗೆ ಇದ್ದ ಸವಲತ್ತುಗಳು ಹೊಸಬರಿಗೂ ಬರುತ್ತವೆಯೇ? ಬಾಯಿಮಾತಿಗೆ ಬೆಲೆ ಇಲ್ಲ.

ಸೀಸನ್ನಿನ ಬಣ್ಣವನ್ನೂ ನೋಡಬೇಕು. ವರ್ಷವನ್ನು ಬೇಡಿಕೆಯ ಪ್ರಕಾರ ಭಾಗ ಮಾಡಿ ಒಂದೊಂದಕ್ಕೆ ಒಂದೊಂದು ಬಣ್ಣ, ಒಂದೊಂದು ಬೆಲೆ ಇಡುವುದು ಈ ವ್ಯಾಪಾರದ ಪದ್ಧತಿ. ಅಗ್ಗದ ಬಣ್ಣ ಕೊಂಡವರಿಗೆ ದಸರೆಗೂ ಇಲ್ಲ, ಬೇಸಿಗೆ ರಜೆಗೂ ಇಲ್ಲ. ಶಾಲೆಗೆ ಹೋಗುವ ಮಕ್ಕಳಿದ್ದ ಮನೆಗೆ ಅದು ಉಪಯೋಗಕ್ಕೆ ಬಾರದ ಮಾಲು. ದಸರಾ, ದೀಪಾವಳಿಗೆ ಅಂಗಡಿಯ ಬಾಗಿಲು ಹಾಕಲಾರದ ವರ್ತಕರಿಗೆ ಮಾತ್ರ ಅದು ಹೊಂದೀತು. ಆಷಾಢದಲ್ಲಿ ಮದುವೆ ಇಲ್ಲ, ಎಷ್ಟೋ ಅಂಗಡಿಗಳಲ್ಲಿ ವ್ಯಾಪಾರ ಮಂದ. ಕೊಡಗಿನಲ್ಲೂ ಮಳೆ ಹಿಡಿದಿರುತ್ತದೆ, ಕೋಣೆ ಸುಲಭವಾಗಿ ಸಿಗುತ್ತದೆ.

ಇಲ್ಲೂ ಒಂದು ಕೊಕ್ಕೆ ಇದೆ. ಮಳೆಗಾಲದಲ್ಲಿ ಹೊರಗಿನ ಬಾಡಿಗೆಯೂ ಇಳಿದಿರುತ್ತದೆ. 6,500ರ ಕೋಣೆ 4,000ಕ್ಕೆ ಸಿಕ್ಕರೆ ವರ್ಷದ ಉಳಿತಾಯ 10,000 ಮಾತ್ರ. ಆಗ 80,000 ವಾಪಸ್ ಬರಲು 8 ವರ್ಷ. ಮೂರು ಲಕ್ಷ ಕೊಟ್ಟವರಿಗೆ 30 ವರ್ಷ, ಆದರೆ ಅವರ ಸದಸ್ಯತ್ವ ಇರುವುದೇ 25 ವರ್ಷ!

ಬಾಡಿಗೆಗೆ ಬಿಡಬಹುದೇ?

ಅಮೆರಿಕದಲ್ಲಿ ಇದೊಂದು ಚಾಲೂ ಉಪಾಯ. 1991ರಲ್ಲಿ ಶುರುವಾದ ಡಿಸ್ನಿ ವೆಕೇಷನ್ ಕ್ಲಬ್ಬಿನಲ್ಲಿ ದಿನಗಳ ಬದಲು ಪಾಯಿಂಟುಗಳ ಲೆಕ್ಕ. ಸಣ್ಣ ಪಾಲು ಕೊಂಡವರು ತಮಗೆ ಬೇಡವಾದ ವರ್ಷದ ಪಾಯಿಂಟುಗಳನ್ನು ಬೇರೆಯವರಿಗೆ ಬಾಡಿಗೆಗೆ ಕೊಟ್ಟು ಶುಲ್ಕ ತೀರಿಸಿಕೊಳ್ಳುತ್ತಾರೆ. ಅದನ್ನೇ ದಂಧೆ ಮಾಡಿಕೊಳ್ಳಲು ಮಾತ್ರ ಅಲ್ಲಿಯೂ ಒಪ್ಪಿಗೆ ಇಲ್ಲ.

ನಮ್ಮಲ್ಲಿ ಕರಾರು ಓದದೆ ಇದಕ್ಕೆ ಕೈ ಹಾಕುವುದು ಅಪಾಯ. ನೆಂಟರನ್ನು ಕಳಿಸಲು ಒಪ್ಪಿಗೆ ಇರಬಹುದು, ದುಡ್ಡು ತೆಗೆದುಕೊಂಡು ಕಳಿಸಲು ಇರಲಿಕ್ಕಿಲ್ಲ. ಅದಕ್ಕಿಂತ ಅಣ್ಣತಮ್ಮಂದಿರು ಮೂವರು ಸೇರಿ ಹಳೆಯದೊಂದನ್ನು ಕೊಂಡು, ವರ್ಷದ ಏಳು ರಾತ್ರಿಯನ್ನು ಹಂಚಿಕೊಂಡು, ಶುಲ್ಕವನ್ನೂ ಮೂರು ಪಾಲು ಮಾಡುವುದು ಲೇಸು. ಆಗ ರಾತ್ರಿಗಳು ಪೋಲಾಗುವುದಿಲ್ಲ. ಹಣ ವಾಪಸ್ ಬರುವ ದಾರಿಯೂ ಅದೇ: ಒಂದು ರಾತ್ರಿಯೂ ಖಾಲಿ ಬಿಡಬಾರದು.

ನಗದು ಕೊಡುತ್ತೇವೆ ಎಂದರೆ ಓಡಿ

"ಹೋಗದಿದ್ದರೂ ಪರವಾಗಿಲ್ಲ ಸಾರ್, ಕೊನೆಗೆ ಬಡ್ಡಿ ಸೇರಿಸಿದ ಹಾಗೆ ದುಡ್ಡು ವಾಪಸ್ ಕೊಡ್ತೀವಿ" ಎಂದು ಯಾರಾದರೂ ಹೇಳಿದರೆ ಅಲ್ಲಿಗೆ ಎದ್ದು ಬರಬೇಕು. ಮುಂಬೈನ ಪ್ಯಾನ್‌ಕಾರ್ಡ್ ಕ್ಲಬ್ಸ್ ಕಂಪನಿ ಹೋಟೆಲ್ ರಾತ್ರಿಗಳ ಹೆಸರಿನಲ್ಲಿ, ತಂಗದವರಿಗೆ ಕೊನೆಗೆ ಹಣ ಕೊಡುವ ಮಾತಿನ ಮೇಲೆ, 50 ಲಕ್ಷಕ್ಕೂ ಹೆಚ್ಚು ಜನರಿಂದ 7,000 ಕೋಟಿ ರೂಪಾಯಿಗೂ ಮಿಕ್ಕಿ ಎತ್ತಿತ್ತು. ಇದು ರಜೆಯ ವ್ಯಾಪಾರವಲ್ಲ, ಅನುಮತಿ ಇಲ್ಲದೆ ನಡೆಸಿದ ಸಾಮೂಹಿಕ ಹೂಡಿಕೆ ಯೋಜನೆ ಎಂದು ಸೆಬಿ ತೀರ್ಮಾನಿಸಿ, 2016ರ ಫೆಬ್ರವರಿಯಲ್ಲಿ ಹಣ ಹಿಂದಿರುಗಿಸಲು ಆಜ್ಞೆ ಮಾಡಿತು. ಆಜ್ಞೆ ಆದ ಮಾತ್ರಕ್ಕೆ ದುಡ್ಡು ಬಂದು ಬಾಗಿಲು ತಟ್ಟಲಿಲ್ಲ.

ಟೈಮ್‌ಷೇರಿಗೆಂದೇ ನಮ್ಮ ದೇಶದಲ್ಲಿ ಪ್ರತ್ಯೇಕ ಕಾನೂನಿಲ್ಲ. ಯೂರೋಪಿನ ಒಕ್ಕೂಟದ ದೇಶಗಳಲ್ಲಿ ಸಹಿ ಹಾಕಿದ 14 ದಿನದೊಳಗೆ ಮನಸ್ಸು ಬದಲಾಯಿಸುವ ಹಕ್ಕು ಕಾನೂನಿನಲ್ಲೇ ಇದೆ, ಅಷ್ಟರೊಳಗೆ ಮುಂಗಡ ಪಡೆಯುವಂತೆಯೂ ಇಲ್ಲ. ಇಲ್ಲಿ ಕರಾರಿನಲ್ಲಿ ಎಷ್ಟು ದಿನ ಬರೆದಿದೆಯೋ ಅಷ್ಟೇ. ಆದ್ದರಿಂದ ಆ ಸಾಲನ್ನು ಮೊದಲು ಹುಡುಕಿ, ಸಹಿ ಆಮೇಲೆ.

ಆದರೂ ಮೋಸ ಹೋದವರು ಕೈಕಟ್ಟಿ ಕೂರಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಂಪನಿಯ ಕಚೇರಿ ಎಲ್ಲೇ ಇರಲಿ, ತಾವು ವಾಸವಿರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ದಾಟದಿದ್ದರೆ ದೂರಿನ ಶುಲ್ಕ ಇಲ್ಲ. ಎರಡು ವರ್ಷದೊಳಗೆ ಹೋಗಬೇಕು. ಸಲಹೆಗೆ ಗ್ರಾಹಕ ಸಹಾಯವಾಣಿ 1915 ಇದೆ. ರಸೀದಿ, ಕರಾರು, ಕೋಣೆ ಕೇಳಿ "ಇಲ್ಲ" ಎನಿಸಿಕೊಂಡ ಪತ್ರ, ಮೆಸೇಜು ಎಲ್ಲವನ್ನೂ ಜೋಪಾನ ಮಾಡಿರಬೇಕು.

ಕೊನೆಯ ಮಾತು ಇಷ್ಟು. ಕಳೆದ ಮೂರು ವರ್ಷದಲ್ಲಿ ಮನೆಯವರೆಲ್ಲ ಪ್ರವಾಸ ಹೋಗಿ ಹೊರಗೆ ಎಷ್ಟು ರಾತ್ರಿ ಮಲಗಿದ್ದರು, ರಾತ್ರಿಗೆ ಎಷ್ಟು ಕೊಟ್ಟಿದ್ದರು ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಜೇಬಿನಲ್ಲಿಟ್ಟುಕೊಂಡೇ ಆ ತಣ್ಣನೆ ಹಾಲಿಗೆ ಹೋಗಬೇಕು. ಚೀಟಿಯ ಮೊತ್ತ ವಾರ್ಷಿಕ ಶುಲ್ಕಕ್ಕಿಂತ ಕಡಿಮೆ ಇದ್ದರೆ ಕಾಫಿ ಕುಡಿದು, ಗಿಫ್ಟ್ ತೆಗೆದುಕೊಂಡು, ನಮಸ್ಕಾರ ಹೇಳಿ ಬರುವುದೇ ಜಾಣತನ.